ಯಾವ ಕೆಲಸಕ್ಕೆ ಯಾವ ಹಲಗೆ?

ಮಾಗಡಿ ರಸ್ತೆಯಲ್ಲಿಯೋ ವಿಜಯನಗರದಲ್ಲಿಯೋ ಇರುವ ಹಲಗೆಯ ಅಂಗಡಿಯೊಂದನ್ನು ಹೊಕ್ಕು, "ಒಂದು ಶೀಟು ಬೇಕಾಗಿತ್ತು" ಎಂದರೆ ಅಂಗಡಿಯವರು ಮೊದಲು ಕೇಳುವ ಪ್ರಶ್ನೆ ಒಂದೇ: "ಯಾವುದಕ್ಕೆ ಸ್ವಾಮಿ?" ಇದಕ್ಕೆ ಖಚಿತವಾದ ಉತ್ತರ ಕೊಡಬಲ್ಲವನಿಗೆ ತಕ್ಕ ಹಲಗೆ ದೊರೆಯುತ್ತದೆ. ಉಳಿದವರಿಗೆ ಆ ದಿನ ಅಂಗಡಿಯಲ್ಲಿ ಹೆಚ್ಚಾಗಿ ಉಳಿದಿರುವುದು ದೊರೆಯುತ್ತದೆ.

ಗೋಡೆಗೆ ಒರಗಿಸಿಟ್ಟ ಪ್ಲೈವುಡ್ಡು, ಬ್ಲಾಕ್‌ಬೋರ್ಡು, ಪಾರ್ಟಿಕಲ್ ಬೋರ್ಡು, ಎಂ.ಡಿ.ಎಫ್. ಇವೆಲ್ಲ ಮೇಲ್ನೋಟಕ್ಕೆ ಒಡಹುಟ್ಟಿದವುಗಳಂತೆ ಕಾಣುತ್ತವೆ. ಮೇಲೆ ಸನ್ಮೈಕ ಹೊದಿಸಿ ಅಂಚನ್ನು ಮುಚ್ಚಿಬಿಟ್ಟರೆ ಅನುಭವಿಯಾದ ಬಡಗಿಗೂ ಗುರುತು ಹತ್ತುವುದು ಕಷ್ಟ. ಆದರೆ ಅಡುಗೆಮನೆಯ ಸಿಂಕಿನ ಕೆಳಗೆ ತಪ್ಪು ಹಲಗೆಯನ್ನು ಕೂರಿಸಿದರೆ ಅದು ಒಂದು ಮಳೆಗಾಲ ಕಳೆಯುವುದರೊಳಗೆ ನೆನೆದ ರೊಟ್ಟಿಯಂತೆ ಉಬ್ಬುತ್ತದೆ. ಹಳೆಯ ರೇಡಿಯೋ ಒಂದರ ಒಳಗೆ ತಪ್ಪು ಹಲಗೆಯನ್ನು ಕೂರಿಸಿದರೆ ಹೋಗುವುದು ಹಲಗೆ ಮಾತ್ರವಲ್ಲ, ಮುಟ್ಟಿದವನ ಪ್ರಾಣಕ್ಕೇ ಅಪಾಯವುಂಟು. ಆದುದರಿಂದ ಈ ಹಲಗೆಗಳ ಒಳಗೇನಿದೆ ಎಂಬುದನ್ನು ಸ್ವಲ್ಪ ವಿಚಾರ ಮಾಡಿ ನೋಡುವುದು ಒಳ್ಳೆಯದು.

ಪಶ್ಚಿಮ ಬೆಂಗಳೂರಿನ ವಿದ್ಯಾರ್ಥಿಗಳಿಗೆ ಈ ವಿಚಾರಕ್ಕೆ ಬೇಕಾದ ಪ್ರಯೋಗಶಾಲೆ ಮನೆಯ ಹತ್ತಿರವೇ ಇದೆ. ರಾಜಾಜಿನಗರದ ಕೈಗಾರಿಕಾ ಬಡಾವಣೆ, ಕಾಮಾಕ್ಷಿಪಾಳ್ಯದ ಕಿರು ಕಾರ್ಖಾನೆಗಳು, ಉತ್ತರಕ್ಕೆ ಪೀಣ್ಯ, ದಕ್ಷಿಣಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆ, ಇವೆಲ್ಲ ಕೆಲವೇ ಮೈಲಿಗಳ ಅಂತರದಲ್ಲಿವೆ. ನಾವು ಇಲ್ಲಿ ಹೇಳಲಿರುವ ವಸ್ತುಗಳಲ್ಲಿ ಹೆಚ್ಚಿನವುಗಳ ಕತ್ತರಿಸಿ ಉಳಿದ ತುಂಡುಗಳನ್ನು ಆ ಬೀದಿಗಳಲ್ಲಿಯೇ ಕಾಣಬಹುದು.

ಮೊದಲು ಹೆಸರಿನ ಮಾತು. ಎರಡು ಅಥವಾ ಹೆಚ್ಚು ವಸ್ತುಗಳನ್ನು ಸೇರಿಸಿ, ಒಂದರ ಕುಂದನ್ನು ಇನ್ನೊಂದು ತುಂಬುವಂತೆ ಮಾಡಿದ ಪದಾರ್ಥವನ್ನು ಸಂಮಿಶ್ರ ವಸ್ತು ಎನ್ನೋಣ. ರಸಾಯನಶಾಸ್ತ್ರದಲ್ಲಿ ನಾವು ಓದುವ ಸಂಯುಕ್ತವೇ ಬೇರೆ, ಇದೇ ಬೇರೆ. ನೀರಿನಲ್ಲಿ ಜಲಜನಕವಾಗಲಿ ಆಮ್ಲಜನಕವಾಗಲಿ ತನ್ನ ಸ್ವರೂಪವನ್ನು ಉಳಿಸಿಕೊಂಡಿರುವುದಿಲ್ಲ. ಸಂಮಿಶ್ರ ವಸ್ತುವಿನಲ್ಲಿಯಾದರೋ ಪ್ರತಿಯೊಂದು ಘಟಕವೂ ತಾನು ತಾನಾಗಿಯೇ ಇದ್ದು ಕೆಲಸವನ್ನು ಹಂಚಿಕೊಳ್ಳುತ್ತದೆ. ಇದು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಗೋಡೆಯ ಮಣ್ಣಿಗೆ ಹುಲ್ಲನ್ನು ಬೆರೆಸಿ ತುಳಿಯುವಾಗ ಹಳ್ಳಿಯವರು ಮಾಡುವುದು ಇದನ್ನೇ: ಒತ್ತಡವನ್ನು ಮಣ್ಣು ತಾಳುತ್ತದೆ, ಎಳೆತವನ್ನು ಹುಲ್ಲು ತಾಳುತ್ತದೆ, ಗೋಡೆ ಬಿರುಕು ಬಿಡುವುದಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು ಮತ್ತು ಹುಣಿಸೆಯ ಅಂಟನ್ನು ಕಲಸಿ 'ಕಿಟ್ಟ' ಎಂಬ ಪದಾರ್ಥವನ್ನು ಮಾಡಿ ಮರದ ಬೊಂಬೆಗಳ ಸಂದುಗಳನ್ನು ತುಂಬುತ್ತಾರೆ. ಎಳೆ, ತುಂಬು ಪದಾರ್ಥ, ಅಂಟು: ಇಂದಿನ ವಿಮಾನದ ರೆಕ್ಕೆಯಲ್ಲಿಯೂ ತತ್ತ್ವ ಇದೇ.

ಪದರದ ಗುಟ್ಟು

ಮರವನ್ನು ಒಂದು ಕಟ್ಟು ಹುಲ್ಲುಕಡ್ಡಿಗೆ ಹೋಲಿಸಬಹುದು. ಅದರ ನಾರುಗಳು ಕಾಂಡದ ಉದ್ದಕ್ಕೂ ಹಬ್ಬಿವೆ. ಆದುದರಿಂದಲೇ ಉದ್ದದ ದಿಕ್ಕಿನಲ್ಲಿ ಮರ ಬಲು ಗಟ್ಟಿ, ಅಡ್ಡ ದಿಕ್ಕಿನಲ್ಲಿ ಸುಲಭವಾಗಿ ಸೀಳುತ್ತದೆ. ಹಸಿಮರ ಒಣಗುವಾಗ ಉದ್ದದಲ್ಲಿ ಶೇಕಡಾ ೦.೨ರಷ್ಟೂ ಕುಗ್ಗುವುದು ಅಪರೂಪ. ಅಡ್ಡಕ್ಕೆ ಶೇಕಡಾ ೫ರಿಂದ ೧೦ರವರೆಗೆ ಕುಗ್ಗುವುದುಂಟು. ಬೇಸಗೆಯಲ್ಲಿ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಶ್ರಾವಣದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುವುದು ಈ ಗುಣದಿಂದಲೇ.

ಪ್ಲೈವುಡ್ಡಿನಲ್ಲಿ ಮಾಡಿರುವ ಉಪಾಯ ಸರಳವಾದುದು. ಮರದ ದಿಮ್ಮಿಯನ್ನು ತಿರುಗಿಸುತ್ತ ಕಾಗದದ ಸುರುಳಿಯನ್ನು ಬಿಚ್ಚಿದಂತೆ ತೆಳುವಾದ ಹಾಳೆಯನ್ನು ಸುಲಿದು, ಒಂದು ಹಾಳೆಯ ನಾರಿಗೆ ಮುಂದಿನ ಹಾಳೆಯ ನಾರು ಅಡ್ಡವಾಗಿ ಬರುವಂತೆ ಜೋಡಿಸಿ, ಅಂಟು ಹಚ್ಚಿ ಬಿಸಿಯಲ್ಲಿ ಒತ್ತುತ್ತಾರೆ. ಒಂದು ಪದರ ಅಡ್ಡಕ್ಕೆ ಹಿಗ್ಗಲು ಹೊರಟರೆ ಅದರ ನೆರೆಯ ಪದರದ ನಾರುಗಳು ಬಿಡುವುದಿಲ್ಲ. ಪದರಗಳ ಸಂಖ್ಯೆ ಯಾವಾಗಲೂ ಬೆಸವಾಗಿರುವುದನ್ನು ವಾಚಕರು ಗಮನಿಸಿರಬಹುದು. ನಡುವಿನ ಪದರದ ಎರಡು ಪಕ್ಕಗಳೂ ಒಂದಕ್ಕೊಂದು ಪ್ರತಿಬಿಂಬದಂತಿದ್ದರೆ ಎಳೆತಗಳು ಸರಿದೂಗಿ ಹಲಗೆ ಸೊಟ್ಟಗಾಗುವುದಿಲ್ಲ.

ಹಾಗಾದರೆ ಪ್ಲೈವುಡ್ಡು ಎಲ್ಲ ದಿಕ್ಕಿನಲ್ಲಿಯೂ ಒಂದೇ ಸಮನಾಗಿ ಗಟ್ಟಿಯೆ? ಹಾಗೆಂದು ನಂಬಿ ಕೆಲಸ ಕೆಡಿಸಿಕೊಂಡವರು ಅನೇಕರು. ಸಮನಾದ ಮೂರು ಪದರಗಳಿರುವ ಒಂದು ಹಲಗೆಯನ್ನು ತೆಗೆದುಕೊಳ್ಳೋಣ. ಹಲಗೆ ಬಾಗುವುದನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ಇಡೀ ಹಲಗೆಯ ದಪ್ಪ ೩ ಎಂದರೆ ಅದರ ಘನ ೨೭; ನಡುವಿನ ಪದರವೊಂದರ ದಪ್ಪ ೧, ಅದರ ಘನ ೧. ಎಂದರೆ ೨೭ ಪಾಲು ಬಿಗುವಿನಲ್ಲಿ ೨೬ ಪಾಲು ಹೊರಗಿನ ಎರಡು ಪದರಗಳದ್ದು, ಒಂದು ಪಾಲು ಮಾತ್ರ ಒಳಗಿನದು! ಹೊರಪದರದ ನಾರು ಉದ್ದಕ್ಕಿದ್ದಾಗ ಹಲಗೆ ತೋರುವ ಬಿಗುವು, ಅದೇ ಹಲಗೆಯನ್ನು ಅಡ್ಡಲಾಗಿ ಕತ್ತರಿಸಿದರೆ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಪದರಗಳು ಹೆಚ್ಚಾದಂತೆ ಈ ಭೇದ ಕಡಿಮೆಯಾಗುತ್ತದೆ. ಆದ್ದರಿಂದ ಮೂರು ಪದರದ ತೆಳು ಹಲಗೆಯಿಂದ ಮಾದರಿ ವಿಮಾನದ ರೆಕ್ಕೆಯನ್ನೋ ಪೆಟ್ಟಿಗೆಯ ಮುಚ್ಚಳವನ್ನೋ ಕತ್ತರಿಸುವವರು ಮೊದಲು ಮೇಲಿನ ನಾರು ಯಾವ ಕಡೆಗೆ ಓಡಿದೆ ಎಂಬುದನ್ನು ನೋಡಿ, ಬಳಿಕ ಪೆನ್ಸಿಲನ್ನು ಕೈಗೆತ್ತಿಕೊಳ್ಳಬೇಕು.

ಪುಸ್ತಕದ ಕಪಾಟಿನ ಲೆಕ್ಕವನ್ನೂ ಇಲ್ಲಿಯೇ ಮುಗಿಸಬಹುದು. ಉದ್ದಕ್ಕೂ ಪುಸ್ತಕ ತುಂಬಿದ ಹಲಗೆಯ ಜೋಲು ಆಧಾರಗಳ ನಡುವಣ ಅಂತರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಎರಡು ಅಡಿಯ ಅಂತರವನ್ನು ಮೂರು ಅಡಿಗೆ ಬೆಳೆಸಿದರೆ ಜೋಲು ಐದು ಪಟ್ಟಾಗುತ್ತದೆ. ೧೨ ಮಿಲಿಮೀಟರಿನ ಹಲಗೆಯನ್ನು ಬಿಟ್ಟು ೧೮ ಮಿಲಿಮೀಟರಿನದನ್ನು ತಂದರೂ ಬಿಗುವು ಹೆಚ್ಚುವುದು ಮೂರೂವರೆ ಪಟ್ಟಿಗಿಂತ ಸ್ವಲ್ಪ ಕಡಿಮೆ. ಹೆಚ್ಚು ಬೆಲೆ ತೆತ್ತೂ ಸೋತಂತಾಯಿತು. ನಡುವೆ ಒಂದು ಆಧಾರವನ್ನು ಕೊಡುವುದೇ ಅಗ್ಗದ ದಾರಿ.

ಅಂಟಿನ ಅಧಿಕಾರ

ಪ್ಲೈವುಡ್ಡಿನ ಆಯುಸ್ಸನ್ನು ನಿರ್ಧರಿಸುವುದು ಮರಕ್ಕಿಂತ ಹೆಚ್ಚಾಗಿ ಅಂಟು. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ 'ಮಸ್ಕಿಟೋ' ಎಂಬ ಬ್ರಿಟಿಷ್ ವಿಮಾನದ ಕಥೆ ಇದಕ್ಕೆ ತಕ್ಕ ನಿದರ್ಶನ. ೧೯೪೦ರಲ್ಲಿ ಮೊದಲು ಹಾರಿದ ಈ ವಿಮಾನದ ಒಡಲು ಬರ್ಚ್ ಮರದ ಪ್ಲೈವುಡ್ಡಿನ ಎರಡು ಹೊದಿಕೆಗಳ ನಡುವೆ ಹಗುರವಾದ ಬಾಲ್ಸಾ ಮರವನ್ನು ತುಂಬಿ ಮಾಡಿದುದು. ಮೊದಮೊದಲು ಇದಕ್ಕೆ ಬಳಸಿದ ಅಂಟು ಹಾಲಿನಿಂದ ತೆಗೆದ ಕೇಸೀನ್. ಬಳಿಕ ಫಾರ್ಮಾಲ್ಡಿಹೈಡಿನ ಕೃತಕ ರಾಳ ಬಂದಿತು. ೧೯೪೪ರಲ್ಲಿ ಭಾರತ-ಬರ್ಮಾ ರಣರಂಗದಲ್ಲಿದ್ದ ಕೆಲವು ವಿಮಾನಗಳ ರೆಕ್ಕೆಗಳ ಜೋಡಣೆ ಬಿಟ್ಟುಹೋಗಿ ಅಪಘಾತಗಳಾದುವು. ವಿಮಾನಗಳ ಹಾರಾಟವನ್ನು ನಿಲ್ಲಿಸಿ ಪರೀಕ್ಷಿಸಬೇಕಾಯಿತು. ನಮ್ಮ ನಾಡಿನ ಸೆಕೆ ಮತ್ತು ತೇವವೇ ಕಾರಣವೆಂದು ಕೆಲವರೂ, ತಯಾರಿಕೆಯಲ್ಲಿಯೇ ಅಂಟಿನ ಸಂದುಗಳು ಸರಿಯಾಗಿ ಕೂಡಿರಲಿಲ್ಲವೆಂದು ಕೆಲವರೂ ವಾದಿಸಿದರು. ಎರಡರಲ್ಲಿ ಯಾವುದಾದರೂ ಪಾಠ ಒಂದೇ: ಅಂಟು ಬಿಟ್ಟ ಮೇಲೆ ಒಳ್ಳೆಯ ಮರವಿದ್ದೂ ಪ್ರಯೋಜನವಿಲ್ಲ.

ಇಂದು ನಮಗೆ ದೊರೆಯುವ ಹಲಗೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ರಾಳಗಳಿವೆ. ಯೂರಿಯ-ಫಾರ್ಮಾಲ್ಡಿಹೈಡ್ ಅಗ್ಗ, ಬಣ್ಣವಿಲ್ಲದ್ದು. ಆದರೆ ಬಿಸಿ ಮತ್ತು ತೇವ ಎರಡೂ ಸೇರಿದರೆ ನೀರು ಅದರ ಅಣುಗಳ ಬಂಧವನ್ನು ನಿಧಾನವಾಗಿ ಕಡಿಯುತ್ತದೆ. ಫೀನಾಲ್-ಫಾರ್ಮಾಲ್ಡಿಹೈಡ್ ಕೆಂಗಂದು ಬಣ್ಣದ್ದು, ಬೆಲೆ ಹೆಚ್ಚು, ಕುದಿಯುವ ನೀರಿಗೂ ಜಗ್ಗದು. ಭಾರತೀಯ ಮಾನಕ ಸಂಸ್ಥೆಯ ಗುರುತುಗಳಲ್ಲಿ ಈ ಭೇದವೇ ಅಡಗಿದೆ. ಸಾಧಾರಣ ಪ್ಲೈವುಡ್ಡಿಗೆ ಐ.ಎಸ್. ೩೦೩ ಎಂಬ ಸಂಖ್ಯೆ. ಅದರಲ್ಲಿ ಎಂ.ಆರ್. ಎಂದರೆ ತೇವವನ್ನು ತಡೆಯಬಲ್ಲದ್ದು, ಬಿ.ಡಬ್ಲ್ಯು.ಆರ್. ಎಂದರೆ ಕುದಿನೀರನ್ನು ತಡೆಯಬಲ್ಲದ್ದು. ದೋಣಿ ಮತ್ತು ಹಡಗುಗಳಿಗೆಂದು ಮಾಡಿದ ಮೆರೈನ್ ಪ್ಲೈವುಡ್ಡಿಗೆ ಐ.ಎಸ್. ೭೧೦, ಅದರ ತುಂಡು ೭೨ ಗಂಟೆ ಕುದಿಯುವ ನೀರಿನಲ್ಲಿದ್ದೂ ಪದರ ಬಿಡಬಾರದು. ಓದುವ ಮೇಜಿಗೆ ಎಂ.ಆರ್. ಸಾಕು. ಬಚ್ಚಲಿಗೆ, ಸಿಂಕಿನ ಕೆಳಗಣ ಕಪಾಟಿಗೆ, ಮಳೆಯ ಎರಚಲು ಬೀಳುವ ಕಿಟಕಿಯ ಪಕ್ಕಕ್ಕೆ ಅದು ಸಾಲದು. 'ವಾಟರ್‌ಪ್ರೂಫ್' ಎಂಬ ಬಾಯಿಮಾತಿಗಿಂತ ಹಲಗೆಯ ಮೇಲಿನ ಸಂಖ್ಯೆಯನ್ನು ಓದುವುದು ಮೇಲು. ಸಂಶಯವಿದ್ದರೆ ಬೆರಳಗಲದ ಒಂದು ತುಂಡನ್ನು ಬೇಡದ ಪಾತ್ರೆಯೊಂದರಲ್ಲಿ ಹಾಕಿ ಕೆಲವು ಗಂಟೆಗಳ ಕಾಲ ಕುದಿಸಿರಿ. ಕಳಪೆ ಅಂಟು ತನ್ನ ಗುಟ್ಟನ್ನು ತಾನೇ ಹೇಳಿಬಿಡುತ್ತದೆ.

೧೯೬೨ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ಲೈವುಡ್ ಸಂಶೋಧನಾಲಯವೊಂದು, ಮುಂದೆ ಭಾರತೀಯ ಪ್ಲೈವುಡ್ ಕೈಗಾರಿಕೆಗಳ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಎಂಬ ಹೆಸರನ್ನು ಪಡೆದು, ತುಮಕೂರು ರಸ್ತೆಯ ಬಳಿ ಈ ಅಂಟುಗಳ ಮೇಲೆ ದೀರ್ಘಕಾಲ ದುಡಿಯಿತು. ಅಲ್ಲಿ ರೂಪುಗೊಂಡ ವಸ್ತುಗಳಲ್ಲಿ ನಮಗೆ ಅತ್ಯಂತ ಸ್ವಾರಸ್ಯವಾಗಿ ಕಾಣುವುದು ಬಿದಿರು ಚಾಪೆಯ ಹಲಗೆ. ಮೇದರು ಹೆಣೆಯುವಂಥ ಚಾಪೆಗಳನ್ನೇ ರಾಳದಲ್ಲಿ ಅದ್ದಿ, ಒಂದರ ಮೇಲೊಂದಿಟ್ಟು ಬಿಸಿಯಲ್ಲಿ ಒತ್ತಿ ಹಲಗೆಯಾಗಿಸುವುದು ಅದರ ವಿಧಾನ. ಬಿದಿರಿನ ಎಳೆಗಳು ಎರಡು ದಿಕ್ಕಿಗೂ ಹೆಣೆದುಕೊಂಡಿರುವುದರಿಂದ ಅದು ಸುಲಭವಾಗಿ ಸೀಳುವುದಿಲ್ಲ. ಇದನ್ನೇ ಅಲೆಯಲೆಯಾಗಿ ಒತ್ತಿ ಮಾಡಿನ ಹೊದಿಕೆಯನ್ನೂ ಮಾಡಿದರು.

ಪಾರ್ಟಿಕಲ್ ಬೋರ್ಡು ಮತ್ತು ಎಂ.ಡಿ.ಎಫ್.ಗಳ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಒಂದು ಮರದ ಚೂರಿನದು, ಇನ್ನೊಂದು ಮರದ ನಾರನ್ನೇ ಬಿಡಿಸಿ ಒತ್ತಿದುದು. ಎಂ.ಡಿ.ಎಫ್. ನುಣುಪಾಗಿದ್ದು ಬಣ್ಣ ಬಳಿಯಲು, ಅಕ್ಷರ ಕೊರೆಯಲು, ವಿಜ್ಞಾನ ಪ್ರದರ್ಶನದ ಮಾದರಿಗಳನ್ನು ಮಾಡಲು ಬಹಳ ಅನುಕೂಲ. ಆದರೆ ಅದರ ಬಿಗುವು ಪ್ಲೈವುಡ್ಡಿನ ಅರ್ಧದ ಆಸುಪಾಸು. ಹೊರೆ ಹೊತ್ತಂತೆ ವರ್ಷದಿಂದ ವರ್ಷಕ್ಕೆ ಜೋಲುತ್ತದೆ. ಅಂಚಿನಲ್ಲಿ ಸ್ಕ್ರೂ ನಿಲ್ಲದು. ನೀರನ್ನಂತೂ ಎರಡೂ ಸಹಿಸವು.

ಅಭ್ರಕದ ಬದಲು

ಸನ್ಮೈಕ ಎಂಬುದು ಒಂದು ವ್ಯಾಪಾರದ ಹೆಸರು. ನಮ್ಮಲ್ಲಿ ಅದು ಇಡೀ ಜಾತಿಯ ಹೆಸರೇ ಆಗಿಬಿಟ್ಟಿದೆ. ಇದರ ಪೂರ್ವಜನ ಕಥೆ ವಿದ್ಯುತ್ತಿನ ಲೋಕದಲ್ಲಿ ಆರಂಭವಾಗುತ್ತದೆ. ಲಿಯೊ ಬೇಕ್‌ಲಂಡ್ ಎಂಬ ರಸಾಯನವಿಜ್ಞಾನಿ ೧೯೦೭ರಲ್ಲಿ ಫೀನಾಲು ಮತ್ತು ಫಾರ್ಮಾಲ್ಡಿಹೈಡುಗಳಿಂದ ಬೇಕಲೈಟನ್ನು ಸಿದ್ಧಪಡಿಸಿದನು. ಇಡ್ಲಿಯ ಹಿಟ್ಟು ಒಮ್ಮೆ ಬೆಂದ ಮೇಲೆ ಹೇಗೆ ಮತ್ತೆ ಹಿಟ್ಟಾಗದೋ ಹಾಗೆ ಈ ರಾಳವೂ ಒಮ್ಮೆ ಕಾದು ಗಟ್ಟಿಯಾದ ಮೇಲೆ ಬೆಲ್ಲದಂತೆ ಕರಗುವುದಿಲ್ಲ. ಅಮೆರಿಕದ ಒ'ಕಾನರ್ ಮತ್ತು ಫೇಬರ್ ಎಂಬ ಇಬ್ಬರು ಎಂಜಿನಿಯರುಗಳು ಈ ರಾಳದಲ್ಲಿ ಅದ್ದಿದ ಪದರಗಳನ್ನು ಒತ್ತಿ, ವಿದ್ಯುದ್ಯಂತ್ರಗಳಲ್ಲಿ ಅಭ್ರಕದ ಬದಲಿಗೆ ಬಳಸಬಹುದಾದ ನಿರೋಧಕವನ್ನು ಮಾಡಿದರು. ೧೯೧೩ರಲ್ಲಿ ಅವರು ಕಟ್ಟಿದ ಸಂಸ್ಥೆಯ 'ಫಾರ್ಮೈಕ' ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ 'ಅಭ್ರಕದ ಬದಲಿಗೆ' ಎಂದೇ ಅರ್ಥ. ಮೇಲಿನ ಪದರಕ್ಕೆ ಬಣ್ಣವಿಲ್ಲದ ಮೆಲಮೀನ್ ರಾಳವನ್ನು ಹಾಕಿ ಚಿತ್ರವಿರುವ ಕಾಗದವನ್ನು ಕಾಣಿಸುವಂತೆ ಮಾಡಿದ ಮೇಲೆ ಅದು ಯಂತ್ರಶಾಲೆಯನ್ನು ಬಿಟ್ಟು ಅಡುಗೆಮನೆಗೆ ಬಂದಿತು. ಇಂದಿಗೂ ಸನ್ಮೈಕದ ಹಿಂಬದಿ ಕಂದಾಗಿರುವುದು ಅದರೊಳಗಣ ಫೀನಾಲಿನ ರಾಳದಿಂದ.

ಇದನ್ನು ಹಲಗೆಯ ಒಂದೇ ಬದಿಗೆ ಅಂಟಿಸುವುದು ಬಹು ಸಾಮಾನ್ಯವಾದ ತಪ್ಪು. ಒಂದು ಬದಿ ಮುಚ್ಚಿ ಇನ್ನೊಂದು ಬದಿ ತೆರೆದಿದ್ದರೆ, ಬೆಂಗಳೂರಿನ ಮಾರ್ಚಿ ತಿಂಗಳ ಒಣಗಾಳಿಗೂ ಆಗಸ್ಟಿನ ತೇವಕ್ಕೂ ಎರಡು ಬದಿಗಳು ಬೇರೆ ಬೇರೆ ಬಗೆಯಲ್ಲಿ ಹಿಗ್ಗಿ ಕುಗ್ಗಿ, ಕಪಾಟಿನ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಒಳಬದಿಗೂ ಅಗ್ಗದ ತೆಳು ಹಾಳೆಯೊಂದನ್ನು ಹಚ್ಚಿದರೆ ಈ ತೊಂದರೆ ತಪ್ಪುತ್ತದೆ.

ಹೈಲಮ್ ಶೀಟು

ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಹೈಲಮ್ ಎಂದು ಕರೆಯುವ ಕಂದು ಹಲಗೆಯೇ ಆ ಮೂಲ ನಿರೋಧಕ. ಮೋಟಾರಿನ ತಂತಿಗಳನ್ನು ಕೂಡಿಸುವ ಪಟ್ಟಿ, ಟ್ರಾನ್ಸ್‌ಫಾರ್ಮರಿನ ತಡೆ, ಹಳೆಯ ರೇಡಿಯೋದ ಒಳಹಲಗೆ, ಕಾಲೇಜಿನ ಪ್ರಯೋಗದ ಫಲಕ, ಇವುಗಳನ್ನು ರಿಪೇರಿ ಮಾಡುವವರಿಗೆ ಇದಿಲ್ಲದೆ ಕೈಯಾಡದು. ಇದರಲ್ಲಿ ಮೂರು ಬಗೆಗಳುಂಟು. ಆಯ್ಕೆಯಲ್ಲಿ ಎಡವುವುದು ಇಲ್ಲಿಯೇ.

ಕಾಗದದ ಪದರಗಳಿಂದ ಮಾಡಿದುದು ಅತಿ ಅಗ್ಗ. ಒಣಗಿದ ಜಾಗದಲ್ಲಿ ವಿದ್ಯುತ್ತನ್ನು ಚೆನ್ನಾಗಿ ತಡೆಯುತ್ತದೆ, ಗರಗಸಕ್ಕೆ ಸುಲಭವಾಗಿ ಬಗ್ಗುತ್ತದೆ. ಆದರೆ ಪೆಟ್ಟಿಗೆ ಸಿಡಿಯುತ್ತದೆ, ಕತ್ತರಿಸಿದ ಅಂಚಿನಿಂದ ತೇವವನ್ನು ಹೀರುತ್ತದೆ. ಹತ್ತಿ ಬಟ್ಟೆಯ ಪದರಗಳಿಂದ ಮಾಡಿದುದರಲ್ಲಿ ನೇಯ್ಗೆಯ ಗೆರೆಗಳು ಅಂಚಿನಲ್ಲಿ ಕಾಣಿಸುತ್ತವೆ. ಇದು ಪೆಟ್ಟು, ತಿಕ್ಕಾಟಗಳನ್ನು ಸಹಿಸುತ್ತದೆ. ಇದರಿಂದ ಹಲ್ಲುಚಕ್ರಗಳನ್ನೇ ಕಡೆಯುವುದುಂಟು. ಉಕ್ಕಿನ ಚಕ್ರದೊಡನೆ ಅವು ಸದ್ದಿಲ್ಲದೆ ಓಡುತ್ತವೆ. ಆದರೆ ಹತ್ತಿಗೆ ನೀರಿನ ಆಸೆ ಹೆಚ್ಚಾದುದರಿಂದ ಹೆಚ್ಚಿನ ವೋಲ್ಟೇಜಿನ ತಡೆಗೆ ಇದನ್ನು ನೆಚ್ಚಬಾರದು. ಮೂರನೆಯದು ಗಾಜಿನ ಬಟ್ಟೆ ಮತ್ತು ಎಪಾಕ್ಸಿ ರಾಳದ್ದು, ತಿಳಿಹಸುರು ಬಣ್ಣದ್ದು. ಕಾಗದದ್ದು ಶೇಕಡಾ ಒಂದರಷ್ಟೋ ಅದಕ್ಕೂ ಹೆಚ್ಚೋ ನೀರನ್ನು ಹೀರುವಲ್ಲಿ ಇದು ಹೀರುವುದು ಶೇಕಡಾ ೦.೧ರ ಸುಮಾರು. ಬಲದಲ್ಲಿಯೂ ನಿರೋಧದಲ್ಲಿಯೂ ಇದೇ ಮೇಲು. ತಾಮ್ರದ ತಗಡನ್ನು ಹೊದಿಸಿದ ಇದೇ ಹಲಗೆಯ ಮೇಲೆ ಇಂದಿನ ಎಲೆಕ್ಟ್ರಾನಿಕ್ ಮಂಡಲಗಳನ್ನು ಕೊರೆಯುತ್ತಾರೆ.

ಇಷ್ಟಾದರೂ ಒಂದು ಅಪಾಯ ಉಳಿದೇ ಇದೆ. ೨೩೦ ವೋಲ್ಟಿನ ಎರಡು ತುದಿಗಳು ಫೀನಾಲಿನ ಹಲಗೆಯ ಮೇಲೆ ಹತ್ತಿರ ಹತ್ತಿರವಾಗಿದ್ದು, ನಡುವೆ ಧೂಳು ತೇವ ಸೇರಿದರೆ, ಸಣ್ಣ ಕಿಡಿಗಳು ಹಾರುತ್ತವೆ. ಕಿಡಿಯ ಶಾಖಕ್ಕೆ ರಾಳ ಕರಿದಾಗುತ್ತದೆ. ಆ ಕರಿಯೆಂಬುದು ಇಂಗಾಲ, ಇಂಗಾಲ ವಿದ್ಯುದ್ವಾಹಕ! ನಿರೋಧಕವೇ ವಾಹಕವಾಗಿ ಮಾರ್ಪಟ್ಟು ಗೆರೆ ದಿನದಿನಕ್ಕೆ ಬೆಳೆಯುತ್ತದೆ. ಹಳೆಯ ಯಂತ್ರದ ಹಲಗೆಯ ಮೇಲೆ ಇಂಥ ಕರಿಗೆರೆ ಕಂಡರೆ ಅದನ್ನು ಉಜ್ಜಿ ಮೇಲೆ ಬಣ್ಣ ಬಳಿದು ಸಮಾಧಾನಪಡಬಾರದು. ಹಲಗೆಯನ್ನೇ ತೆಗೆದು ಹೊಸದನ್ನು ಹಾಕಬೇಕು, ತುದಿಗಳನ್ನು ದೂರವಿಡಬೇಕು. ವಿದ್ಯಾರ್ಥಿಗಳು ಈ ಕೆಲಸವನ್ನು ಬಲ್ಲವರ ಸಮ್ಮುಖದಲ್ಲಿ, ಪ್ಲಗ್ಗನ್ನು ಕಿತ್ತಿಟ್ಟೇ ಮಾಡತಕ್ಕದ್ದು. ಮರದ ಪ್ಲೈವುಡ್ಡನ್ನಾಗಲಿ ಎಂ.ಡಿ.ಎಫ್.ನ್ನಾಗಲಿ ಇಂಥ ಜಾಗದಲ್ಲಿ ಬಳಸಲೇಬಾರದು. ಅವು ತೇವ ಹೀರುತ್ತವೆ, ಬೆಂಕಿಗೂ ಬಾಯೊಡ್ಡುತ್ತವೆ.

ಗಾಜಿನ ಎಳೆ

ಗಾಜು ಒಡೆಯುವ ವಸ್ತು. ಅದರಿಂದ ಬಲವಾದ ಹಲಗೆಯಾಗುವುದು ಹೇಗೆ? ೧೯೨೦ರ ಸುಮಾರಿಗೆ ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರು ಇದನ್ನು ವಿವರಿಸಿದನು. ಗಾಜನ್ನು ದುರ್ಬಲಗೊಳಿಸುವುದು ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳು. ಎಳೆ ತೆಳುವಾದಷ್ಟೂ ದೊಡ್ಡ ಬಿರುಕಿಗೆ ಅದರಲ್ಲಿ ಎಡೆಯೇ ಇರುವುದಿಲ್ಲ. ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು ಸಣ್ಣ ಎಳೆಗಳನ್ನು ರಾಳದಲ್ಲಿ ಹೂಳಿದರೆ, ಒಂದು ಎಳೆ ತುಂಡಾದರೂ ಅದರ ಹೊರೆಯನ್ನು ರಾಳವು ಪಕ್ಕದ ಎಳೆಗೆ ದಾಟಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯು ರೂಪಿಸಿ ೧೯೯೩ರಲ್ಲಿ ಹಾರಿಸಿದ 'ಹಂಸ' ಎಂಬ ಪುಟ್ಟ ವಿಮಾನ ಇಂಥ ಎಳೆಗಳ ಸಂಮಿಶ್ರ ವಸ್ತುವಿನದು. ೨೦೦೧ರಲ್ಲಿ ಇಲ್ಲಿಂದಲೇ ಮೊದಲು ಹಾರಿದ ಯುದ್ಧವಿಮಾನ 'ತೇಜಸ್'ನ ತೂಕದಲ್ಲಿ ಶೇಕಡಾ ೪೫ರಷ್ಟು ಸಂಮಿಶ್ರ ವಸ್ತುಗಳೇ. ಅಲ್ಲಿ ಮುಖ್ಯವಾದುದು ಇಂಗಾಲದ ಎಳೆ.

ಸೀಳಿದ ಸ್ಕೂಟರಿನ ಮುಚ್ಚಳಕ್ಕೋ ಒಡೆದ ಫೈಬರ್ ಕುರ್ಚಿಗೋ ಗಾಜಿನ ಚಾಪೆ ಮತ್ತು ಪಾಲಿಯೆಸ್ಟರ್ ರಾಳಗಳ ತೇಪೆ ಹಾಕುವುದು ಮನೆಯಲ್ಲಿಯೇ ಆಗುವ ಕೆಲಸ. ಹೊಳಪನ್ನು ಮರಳುಕಾಗದದಿಂದ ಉಜ್ಜಿ ತೆಗೆದು, ಒಣಗಿಸಿ, ಮೇಲೆ ಹಚ್ಚಬೇಕು. ಆದರೆ ಮನೆಯ ಮಹಡಿಯ ಮೇಲಿನ ಕರಿಯ ನೀರಿನ ತೊಟ್ಟಿಗೆ ಈ ತೇಪೆ ನಿಲ್ಲದು. ಅದು ಪಾಲಿಥೀನ್, ಮೇಣದ ಜಾತಿಯದಾದುದರಿಂದ ರಾಳವಾಗಲಿ ಎಪಾಕ್ಸಿಯಾಗಲಿ ಅದನ್ನು ಹಿಡಿಯುವುದಿಲ್ಲ. ಅದೇ ಪ್ಲಾಸ್ಟಿಕನ್ನು ಕಾಯಿಸಿ ಬೆಸೆಯುವುದೊಂದೇ ದಾರಿ.

ಪಾಲಿಯೆಸ್ಟರ್ ರಾಳದೊಡನೆ ಎರಡು ಪುಟ್ಟ ಸೀಸೆಗಳು ಬರುತ್ತವೆ. ನೇರಳೆ ಬಣ್ಣದ ಕೋಬಾಲ್ಟ್ ದ್ರವವೊಂದು, ಬಣ್ಣವಿಲ್ಲದ ಪೆರಾಕ್ಸೈಡ್ ಇನ್ನೊಂದು. ಇವೆರಡನ್ನೂ ನೇರವಾಗಿ ಬೆರೆಸಿದರೆ ಥಟ್ಟನೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಮೊದಲು ಕೋಬಾಲ್ಟನ್ನು ರಾಳಕ್ಕೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಮಾತ್ರ ಪೆರಾಕ್ಸೈಡನ್ನು ಸೇರಿಸಬೇಕು. ಪೆರಾಕ್ಸೈಡು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದಾದುದರಿಂದ ಕನ್ನಡಕವಿಲ್ಲದೆ ಸೀಸೆಯನ್ನು ತೆರೆಯಕೂಡದು. ಕೆಲಸ ನಡೆಯಬೇಕಾದುದು ಗಾಳಿಯಾಡುವ ಅಂಗಳದಲ್ಲಿ, ಮುಚ್ಚಿದ ಕೋಣೆಯಲ್ಲಲ್ಲ. ಇಷ್ಟೆಲ್ಲ ರಗಳೆ ಬೇಡವೆನ್ನುವವರಿಗೆ ಎರಡು ಕೊಳವೆಗಳ ಅರಾಲ್ಡೈಟು, ಒಂದು ಚೂರು ಗಾಜಿನ ಬಟ್ಟೆ ಸಾಕು. ಬೆಲೆ ಹೆಚ್ಚು, ಅಪಾಯ ಕಡಿಮೆ.

ಇನ್ನು ಧೂಳು. ಗಾಜಿನ ಎಳೆಯ ಹಲಗೆಯನ್ನು ಕೊರೆಯುವಾಗ ಹಾರುವ ಪುಡಿ ಚರ್ಮಕ್ಕೆ ತುರಿಕೆ, ಗಂಟಲಿಗೆ ಕೆರೆತ. ನೀರು ಚಿಮುಕಿಸುತ್ತ, ಮುಖಕ್ಕೆ ತಕ್ಕ ಮುಸುಕನ್ನು ಧರಿಸಿ, ಅಂಗುಲಕ್ಕೆ ೨೪ ಅಥವಾ ೩೨ ಹಲ್ಲುಗಳಿರುವ ಗರಗಸದಿಂದ ಕೊಯ್ಯಬೇಕು. ಇದಕ್ಕಿಂತ ಕೆಟ್ಟದು ಹಳೆಯ ಶೀಟಿನ ಮನೆಗಳ ಮಾಡಿನ ಮೇಲಿರುವ ಬೂದುಬಣ್ಣದ ಕಲ್ನಾರಿನ ಹಲಗೆ. ಸಿಮೆಂಟಿನಲ್ಲಿ ಕಲ್ನಾರಿನ ಎಳೆ ಸೇರಿದ ಇದೂ ಒಂದು ಸಂಮಿಶ್ರ ವಸ್ತುವೇ. ಅಲುಗಾಡದೆ ಮಾಡಿನ ಮೇಲೆ ಕುಳಿತಿರುವಷ್ಟು ಕಾಲ ಅಪಾಯ ಅಲ್ಪ. ಅದನ್ನು ಕೊರೆದರೆ, ಗರಗಸ ಹಚ್ಚಿದರೆ, ಒಡೆದರೆ ಹಾರುವ ಎಳೆಗಳು ಶ್ವಾಸಕೋಶದಲ್ಲಿ ನೆಲಸಿ, ದಶಕಗಳ ಬಳಿಕ ಕ್ಯಾನ್ಸರನ್ನು ಉಂಟುಮಾಡಬಲ್ಲವು. ಕಾಮಗಾರಿ ಮುಗಿದ ಮನೆಗಳ ಮುಂದೆ ಬಿದ್ದಿರುವ ಇದರ ತುಂಡುಗಳು ಬಿಟ್ಟಿಯಾಗಿ ದೊರೆಯುತ್ತವೆ, ಬೆಂಕಿಗೂ ಜಗ್ಗುವುದಿಲ್ಲ; ಆದರೂ ಬೆಸುಗೆಯ ಮೇಜಿಗೋ ಒಲೆಯ ಅಡಿಗೋ ಅವನ್ನು ಮನೆಗೆ ತರಕೂಡದು. ಆ ಕೆಲಸಕ್ಕೆ ಒಂದು ಕಡಪ ಕಲ್ಲು ಧಾರಾಳವಾಗಿ ಸಾಕು.